ಬಳ್ಳಾರಿ ಸೀಮೆಯಿಂದ ನೆದರ್‌ಲ್ಯಾಂಡ್ಸ್‌ಗೆ ಜೋಡಿಯಾಗಿ ಹೊರಟವರಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಇಲ್ಲಿಗೆ ಬರುವ ಜೋಡಿಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಕೆಲಸ ಸಿಕ್ಕಿರುತ್ತದೆ, ಇನ್ನೊಬ್ಬರು ಜೊತೆಗೆ ಬರುತ್ತಾರೆ. ಕೆಲಸ ಸಿಕ್ಕವರ ಕಾಗದಪತ್ರವನ್ನು ಕಂಪನಿಯವರೇ ಬೆನ್ನು ಹತ್ತಿ ಮಾಡಿಸುತ್ತಾರೆ. ತೊಡಕೆಲ್ಲ ಬರುವುದು ಜೊತೆಗೆ ಬರುವವರ ಫೈಲಿನಲ್ಲಿ. ಹೆಚ್ಚಿನ ಸಲ ಅದು ಹೆಂಡತಿಯದು. ಹೆಂಡತಿಗೆ ಕೆಲಸ ಸಿಕ್ಕಿ ಗಂಡ ಜೊತೆಗೆ ಬಂದ ಮನೆಗಳೂ ಈಗ ಬೇಕಾದಷ್ಟಿವೆ. ಯಾರೇ ಆಗಲಿ, ಟಿಕೆಟ್ ನೋಡುವ ಮೊದಲು ಆ ಎರಡನೆಯ ಫೈಲ್ ತೆಗೆದು ನೋಡಿ.

ಮೊದಲು ಬೇಕಾಗುವುದು ಜನನ ಪ್ರಮಾಣಪತ್ರ ಮತ್ತು ಮದುವೆ ಪ್ರಮಾಣಪತ್ರ. ಇದರಲ್ಲಿ ನಮ್ಮ ಸೀಮೆಯವರಿಗೆ ಒಂದು ವಿಶೇಷ ತಾಪತ್ರಯ ಇದೆ. ನಾವು ಮನೆ ಬಿಟ್ಟು ಕದಲದಿದ್ದರೂ ನಮ್ಮ ಜಿಲ್ಲೆ ಬದಲಾಗಿರುತ್ತದೆ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಗಂಗಾವತಿಯಲ್ಲಿ ಹುಟ್ಟಿದವರ ಹಳೆಯ ಕಾಗದದಲ್ಲಿ ರಾಯಚೂರು ಜಿಲ್ಲೆ ಅಂತ ಇರುತ್ತದೆ, ಆಧಾರಿನಲ್ಲಿ ಕೊಪ್ಪಳ. ಹೊಸಪೇಟೆಯವರದ್ದು 2021ರವರೆಗೆ ಬಳ್ಳಾರಿ, ಆಮೇಲೆ ವಿಜಯನಗರ. ಹರಪನಹಳ್ಳಿಯವರಂತೂ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಅಂತ ಕೂತಲ್ಲೇ ಪ್ರವಾಸ ಮಾಡಿದ್ದಾರೆ. ಇದರ ಮೇಲೆ 2014ರ ನವೆಂಬರ್ 1ರಂದು ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಬೆಳ್ಳರಿ ಹೋಗಿ ಬಳ್ಳಾರಿ, ಹಾಸ್ಪೆಟ್ ಹೋಗಿ ಹೊಸಪೇಟೆ. ಗಂಡನ ಪಾಸ್‌ಪೋರ್ಟಿನಲ್ಲಿ ಹಳೆಯದು, ಹೆಂಡತಿಯದರಲ್ಲಿ ಹೊಸದು ಇದ್ದರೆ, ಇಲ್ಲಿನ ಗುಮಾಸ್ತರು ಅವು ಎರಡು ಬೇರೆ ಊರು ಅಂದುಕೊಂಡರೆ ಅವರ ತಪ್ಪಿಲ್ಲ. ಒಬ್ಬೊಬ್ಬರ ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರದಲ್ಲಿ ಊರಿನ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಊರಲ್ಲಿದ್ದಾಗಲೇ ತಿದ್ದಿಸಿ. ಇಲ್ಲಿಂದ ಮಾಡಿಸುವುದು ದೊಡ್ಡ ಗೋಳು.

ಹಳ್ಳಿಯಲ್ಲಿ ಮನೆಯಲ್ಲೇ ಹೆರಿಗೆಯಾಗಿ, ಜನನ ನೋಂದಣಿಯೇ ಆಗಿಲ್ಲದವರೂ ಇದ್ದಾರೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇದೆಯಲ್ಲ ಎಂದು ಬಿಡಬೇಡಿ, ಇಲ್ಲಿ ಅದು ಜನನ ಪ್ರಮಾಣಪತ್ರದ ಬದಲಿಗೆ ನಡೆಯುವುದಿಲ್ಲ. ಹುಟ್ಟಿ ಒಂದು ವರ್ಷ ದಾಟಿದ ಮೇಲಿನ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟಿಗೆ ಓಡಾಡಿದವರಿಗೆ ಈ ಅಲೆದಾಟ ಹೊಸದಲ್ಲ ಬಿಡಿ.

ಮದುವೆಗೆ ಲಗ್ನಪತ್ರಿಕೆ, ಫೋಟೋ, ದೇವಸ್ಥಾನದ ರಸೀದಿ ಯಾವುದೂ ಸಾಲದು. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರವೇ ಬೇಕು. ಅದರ ಮೇಲೆ ಅಪಾಸ್ಟಿಲ್, ಅಂದರೆ ನಮ್ಮ ದಾಖಲೆ ಹೊರದೇಶದಲ್ಲಿ ನಡೆಯುವಂತೆ ಹಾಕುವ ಸರ್ಕಾರಿ ಮುದ್ರೆ, ಆಗಬೇಕು. ಭಾರತ 2005ರಿಂದ ಈ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್. ಸಚಿವಾಲಯದ ಶುಲ್ಕ ದಾಖಲೆಗೆ 50 ರೂಪಾಯಿ. ಅದರ ಮೇಲೆ ಏಜೆಂಟರು ಕೇಳುವ ಸಾವಿರಗಳೆಲ್ಲ ಸೇವಾ ಶುಲ್ಕ ಮತ್ತು ಓಡಾಟದ ಲೆಕ್ಕ. ಇನ್ನೊಂದು ಮಾತು: ನಮ್ಮ ಮನೆಗಳಲ್ಲಿ ಮುಖ್ಯವಾದ ಕಾಗದವನ್ನೆಲ್ಲ ಮೊದಲು ಲ್ಯಾಮಿನೇಷನ್ ಮಾಡಿಸಿಬಿಡುತ್ತಾರೆ. ಲ್ಯಾಮಿನೇಷನ್ ಆದ ಕಾಗದಕ್ಕೆ ಸೀಲು ಹಾಕಲು ಬರುವುದಿಲ್ಲ. ಹೊಸ ಪ್ರತಿ ತೆಗೆಸಿ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಅಧಿಕೃತ ಭಾಷಾಂತರಕಾರರಿಂದ ಇಂಗ್ಲಿಷ್ ಅನುವಾದ ಬೇಕು.

ಹೆಸರಿನ ವಿಷಯದಲ್ಲಿ ಒಂದು ಸಮಾಧಾನ. ಮದುವೆ ಆಯಿತೆಂದು ಹೆಂಡತಿಯ ಪಾಸ್‌ಪೋರ್ಟಿನ ಹೆಸರು ಬದಲಿಸಬೇಕಾಗಿಲ್ಲ. ಇಲ್ಲಿನ ಹೆಂಗಸರೇ ಕಾನೂನಿನ ಪ್ರಕಾರ ಮದುವೆಯಾದ ಮೇಲೂ ಹುಟ್ಟಿದ ಹೆಸರಿನಲ್ಲೇ ಇರುತ್ತಾರೆ. ಸಂಬಂಧ ತೋರಿಸಲು ಮದುವೆ ಪ್ರಮಾಣಪತ್ರ ಇದೆಯಲ್ವಾ? ಸುಮ್ನೆ ಹೆಸರು ಬದಲಿಸಲು ಹೋದರೆ ಪಾಸ್‌ಪೋರ್ಟ್ ಒಂದು ಕಡೆ, ಡಿಗ್ರಿ ಸರ್ಟಿಫಿಕೇಟ್ ಇನ್ನೊಂದು ಕಡೆ ಆಗಿ, ಮುಂದೆ ಅವರು ಕೆಲಸ ಹುಡುಕುವಾಗ ತೊಂದರೆ. ನಮ್ಮ ಕಡೆ ಸರ್‌ನೇಮ್ ಖಾನೆ ಖಾಲಿ ಬಿಟ್ಟು, ಇನಿಷಿಯಲ್ ಸೇರಿಸಿ ಎಲ್ಲವನ್ನೂ ಒಂದೇ ಖಾನೆಯಲ್ಲಿ ತುಂಬಿದ ಪಾಸ್‌ಪೋರ್ಟ್‌ಗಳು ಜಾಸ್ತಿ. ಅದನ್ನು ಮಾತ್ರ ಸರಿ ಮಾಡಿಸಿಕೊಂಡು ಬನ್ನಿ. ವಿಮಾನದ ಟಿಕೆಟ್‌ನಿಂದ ಹಿಡಿದು ಇಲ್ಲಿನ ಪ್ರತಿಯೊಂದು ಫಾರ್ಮಿನಲ್ಲೂ ಆ ಖಾನೆ ಎದುರಾಗುತ್ತದೆ.

ಇಬ್ಬರೂ ಒಟ್ಟಿಗೆ ಬರಬೇಕಾ, ಒಬ್ಬರು ಮೊದಲು ಬರಬೇಕಾ? ಅತ್ತೆ ಮಾವ, ಅಪ್ಪ ಅವ್ವ ಎಲ್ಲರಿಗೂ ಇದರ ಮೇಲೆ ಒಂದೊಂದು ಅಭಿಪ್ರಾಯ ಇರುತ್ತದೆ. ನಾನು ಹೇಳುವುದು ಇಷ್ಟೇ: ವಿಳಾಸ ನೋಂದಣಿಗೆ ಒಪ್ಪುವ ಮನೆ ಸಿಕ್ಕಿದ್ದರೆ ಒಟ್ಟಿಗೇ ಬನ್ನಿ, ಸಿಕ್ಕಿಲ್ಲದಿದ್ದರೆ ಬೇಡ. ನಾಲ್ಕು ತಿಂಗಳಿಗಿಂತ ಹೆಚ್ಚು ಇರಲು ಬಂದವರು 5 ದಿನದೊಳಗೆ ನಗರಸಭೆಯಲ್ಲಿ ಹೆಸರು ಬರೆಸಬೇಕು. ಆಗ ಸಿಗುವ ಬಿಎಸ್‌ಎನ್ ನಂಬರ್ (ಇಲ್ಲಿನ ನಾಗರಿಕ ಸೇವಾ ಸಂಖ್ಯೆ) ಇಲ್ಲದೆ ಸಂಬಳವೂ ಕಷ್ಟ, ವಿಮೆಯೂ ಕಷ್ಟ. ಆದರೆ ಇಲ್ಲಿ ಮನೆಗಳಿಗೆ ಬರ. ಸಿಕ್ಕ ಎಷ್ಟೋ ರೂಮು, ಹೋಟೆಲುಗಳಲ್ಲಿ ನೋಂದಣಿಗೆ ಒಪ್ಪುವುದಿಲ್ಲ. ಒಬ್ಬರಿಗೆ ಒಪ್ಪಿದವರು ಇಬ್ಬರಿಗೆ ಒಪ್ಪದಿರುವುದೂ ಉಂಟು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇದೆಯಾ ಕೇಳಿ. ಹೊಸ ಮದುಮಗಳನ್ನು ಪೆಟ್ಟಿಗೆ ಸಮೇತ ತಾತ್ಕಾಲಿಕ ರೂಮಿನಿಂದ ರೂಮಿಗೆ ಕರೆದುಕೊಂಡು ತಿರುಗುವುದಕ್ಕಿಂತ, ಮನೆ ಗಟ್ಟಿಯಾಗುವವರೆಗೆ ಒಬ್ಬರು ಊರಲ್ಲೇ ಇರುವುದು ಮೇಲು. ಅರ್ಜಿಯನ್ನು ಮಾತ್ರ ಇಬ್ಬರದ್ದೂ ಕಂಪನಿಯಿಂದ ಒಟ್ಟಿಗೇ ಹಾಕಿಸಿ. ಎಂವಿವಿ, ಅಂದರೆ ದೀರ್ಘ ವಾಸಕ್ಕೆ ಒಳಗೆ ಬರುವ ವೀಸಾ, ಪಾಸ್‌ಪೋರ್ಟಿನಲ್ಲಿ ಅಂಟಿಸಿಕೊಂಡ ಮೇಲೆ ಒಳಗೆ ಬರಲು 90 ದಿನ ಸಮಯ ಇರುತ್ತದೆ. ಆ ಲೆಕ್ಕ ನೋಡಿ ದಿನ ಗೊತ್ತು ಮಾಡಿ.

ಹೊರಡುವ ದಿನದ ಬಗ್ಗೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನ ಇದೆ. ಮೊದಲ ಸಲ ಬರುವ ಜೋಡಿಗೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದೇ ಒಳ್ಳೆಯದು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದ್ದೇ ಇದೆ, ಆದರೆ ವಿಮಾನದ ದಿನವೇ ಬೆಂಗಳೂರು ತಲುಪುವ ಹಾಗೆ ರೈಲು ಹಿಡಿಯಬೇಡಿ. ಹಿಂದಿನ ದಿನವೇ ಹೋಗಿ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ನೋಡಿದರೂ ತಪ್ಪಿಲ್ಲ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಇಡೀ ಮನೆತನ ಕಳಿಸಲು ಬರುವುದು ನಮ್ಮ ಪದ್ಧತಿ. ಬರಲಿ ಬಿಡಿ. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿಟ್ಟರೆ ಬಾಗಿಲಲ್ಲಿ ಅವ್ವ ಸಿಟ್ಟಾಗುವುದು ತಪ್ಪುತ್ತದೆ.

ಇಬ್ಬರ ಬಟ್ಟೆಯನ್ನೂ ಎರಡೂ ಪೆಟ್ಟಿಗೆಗೆ ಹಂಚಿ ತುಂಬಿ, ಒಂದು ಪೆಟ್ಟಿಗೆ ತಡವಾದರೂ ಇಬ್ಬರಿಗೂ ಒಂದೊಂದು ಜೊತೆ ಇರುತ್ತದೆ. ಕಾಗದಪತ್ರ ಮಾತ್ರ ಹಾಗಲ್ಲ. ಅವರವರದ್ದು ಅವರವರ ಕೈಚೀಲದಲ್ಲೇ ಇರಲಿ. ಎಲ್ಲ ಫೈಲನ್ನೂ ಒಬ್ಬರೇ ಹಿಡಿದುಕೊಂಡು, ಇನ್ನೊಬ್ಬರು ಬೇರೆ ಕೌಂಟರಿನಲ್ಲಿ ಬರಿಗೈಯಲ್ಲಿ ನಿಲ್ಲುವುದನ್ನು ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಧಾರಾಳವಾಗಿ ತನ್ನಿ. ತುಪ್ಪ, ಪೇಡ, ಕೋವಾದ ಸಿಹಿ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಹಸಿ ಕರಿಬೇವು ಕೂಡ ತರಬಾರದು. ದುಬೈ ಮೇಲೆ ಬರುವವರು ಗಸಗಸೆ ಮುಟ್ಟಲೇಬೇಡಿ, ಅಲ್ಲಿ ಅದು ನಿಷೇಧ. ಜೋಳದ ಹಿಟ್ಟು ಭಾರತದ ಅಂಗಡಿಗಳಲ್ಲಿ ಸಿಗುತ್ತದೆ, ಬೆಂಡೆ, ಹಾಗಲ ದಕ್ಷಿಣ ಅಮೆರಿಕದ ಸುರಿನಾಮ್ ದೇಶದವರ ಅಂಗಡಿಗಳಲ್ಲಿ. ಮದುವೆಯ ಬಂಗಾರದಲ್ಲಿ ದಿನಾ ಹಾಕುವಷ್ಟು ಮಾತ್ರ ತಂದು ಉಳಿದದ್ದನ್ನು ಲಾಕರಿನಲ್ಲಿಡಿ. ಜಾಸ್ತಿ ತರಲೇಬೇಕಾದರೆ ಹೊರಡುವಾಗ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬಂದಾಗ ಇದು ನಮ್ಮದೇ ಎಂದು ತೋರಿಸಲು ಬೇಕಾಗುತ್ತದೆ.

ಸ್ಕಿಪೋಲ್‌ನಲ್ಲಿ ಇಳಿದ ಮೇಲೆ ರೈಲು ನಿಲ್ದಾಣ ಅದರ ಕೆಳಗೇ ಇದೆ. ಟಿಕೆಟ್ ಇಲ್ಲದೆಯೂ ಬ್ಯಾಂಕ್ ಕಾರ್ಡನ್ನು ನಿಲ್ದಾಣದ ಕಾರ್ಡ್ ಓದುವ ಕಂಬಕ್ಕೆ ತಾಗಿಸಿ ಹತ್ತಬಹುದು, ಇಳಿದ ಮೇಲೆ ಅದೇ ಕಾರ್ಡನ್ನು ಮತ್ತೆ ತಾಗಿಸಬೇಕು. ಆದರೆ ಒಂದು ಕಾರ್ಡಿಗೆ ಒಬ್ಬರೇ ಪ್ರಯಾಣಿಕರು. ಗಂಡನ ಕಾರ್ಡ್ ಒಂದೇ ಇದ್ದರೆ ಹೆಂಡತಿ ಮಷಿನ್ನಿನಲ್ಲಿ ಬೇರೆ ಟಿಕೆಟ್ ತೆಗೆಯಬೇಕು. ಹೊರಡುವ ಮೊದಲೇ ಇಬ್ಬರ ಹೆಸರಿನಲ್ಲೂ ಒಂದೊಂದು ಕಾರ್ಡ್ ಇರಲಿ, ವಿದೇಶಿ ಬಳಕೆ ಆನ್ ಮಾಡಿರಲಿ. ಭಾರತದ ಸಿಮ್ ಇಬ್ಬರದ್ದೂ ರೋಮಿಂಗ್‌ನಲ್ಲಿ ಜೀವಂತ ಇರಲಿ, ಇಲ್ಲದಿದ್ದರೆ ಓಟಿಪಿ ಬರದೆ ಸ್ವಂತ ದುಡ್ಡೇ ಕೈಗೆ ಸಿಗುವುದಿಲ್ಲ.

ನಗರಸಭೆಯ ಅಪಾಯಿಂಟ್‌ಮೆಂಟ್ ಊರಿನಿಂದಲೇ ತೆಗೆದುಕೊಂಡು, ಇಬ್ಬರೂ ಮೂಲ ದಾಖಲೆ ಹಿಡಿದು ಹೋಗಿ. ಭಾರತದವರು ಮೂರು ತಿಂಗಳೊಳಗೆ ಟಿಬಿ ತಪಾಸಣೆ ಮಾಡಿಸಬೇಕು. ಆರೋಗ್ಯ ವಿಮೆ ನಾಲ್ಕು ತಿಂಗಳೊಳಗೆ ಆಗಬೇಕು, ಮತ್ತು ಇಲ್ಲಿ ಕುಟುಂಬಕ್ಕೆಲ್ಲ ಸೇರಿ ಒಂದು ವಿಮೆ ಎಂಬುದಿಲ್ಲ. ದೊಡ್ಡವರು ಒಬ್ಬೊಬ್ಬರೂ ಬೇರೆ ಬೇರೆ ಕಂತು ಕಟ್ಟಬೇಕು, 18ರೊಳಗಿನ ಮಕ್ಕಳಿಗೆ ಮಾತ್ರ ಕಂತಿಲ್ಲ. ಆ ನಾಲ್ಕು ತಿಂಗಳೊಳಗೆ ತಡವಾಗಿ ಮಾಡಿಸಿದರೂ ಬಂದ ದಿನದಿಂದಲೇ ಲೆಕ್ಕ ಹಾಕುತ್ತಾರೆ, ಹಾಗಾಗಿ ಮುಂದೂಡಿ ಉಳಿಸುವುದು ಏನೂ ಇಲ್ಲ.

ಇನ್ನು ವಾಸದ ಕಾರ್ಡ್. ನುರಿತ ಕೆಲಸಗಾರರ ವೀಸಾದಲ್ಲಿ ಬಂದವರ ಸಂಗಾತಿಗೆ ಇಲ್ಲಿ ಬೇರೆ ಪರವಾನಗಿ ಇಲ್ಲದೆ ಯಾವ ಕೆಲಸವನ್ನಾದರೂ ಮಾಡಬಹುದು. ಆ ಮಾತು ಅವರ ಕಾರ್ಡಿನ ಮೇಲೆಯೇ ಡಚ್ಚಿನಲ್ಲಿ ಅಚ್ಚಾಗಿರುತ್ತದೆ. ಕೆಲಸ ಕೊಡುವವರು ಮೊದಲು ನೋಡುವುದೇ ಆ ಸಾಲನ್ನು. ಐಎನ್‌ಡಿ (ಇಲ್ಲಿನ ವಲಸೆ ಇಲಾಖೆ) ಕಚೇರಿಯಲ್ಲಿ ಕಾರ್ಡ್ ಕೈಗೆ ಬಂದ ಕೂಡಲೇ ಹೆಸರು, ಹುಟ್ಟಿದ ದಿನ, ಆ ಸಾಲು ಮೂರನ್ನೂ ಓದಿ. ತಪ್ಪಿದ್ದರೆ ಕೌಂಟರ್ ಬಿಟ್ಟು ಕದಲುವ ಮೊದಲೇ ಹೇಳಿ.