ಕರಾಟೆ ಕ್ಲಾಸಿನ ಜಪಾನಿ ಪದಗಳು: ಮೊದಲು ಕನ್ನಡದಲ್ಲಿ ಬರ್ಕೊಳ್ಳಿ

ಕುವೆಂಪುನಗರದಲ್ಲಿ ನಾನು ಹೊಸ ಮಕ್ಕಳಿಗೆ ಬೇಸಿಕ್ಸ್ ಹೇಳ್ಕೊಡ್ತೀನಿ. ಹೋದ ತಿಂಗಳು ಮೂರನೇ ಕ್ಲಾಸಿನ ಒಂದು ಹುಡುಗಿ ನೋಟ್‌ಬುಕ್ ಹಿಡ್ಕೊಂಡು ಬಂದು "ಅಣ್ಣಾ, ಏಜ್ ಯೂಕ್ ಅಂದ್ರೆ ಏನು" ಅಂದ್ಲು. ಬುಕ್ ನೋಡೋವರೆಗೂ ನಂಗೆ ಗೊತ್ತೇ ಆಗ್ಲಿಲ್ಲ. ಅವರಮ್ಮ ಪಾಪ ರಾತ್ರಿ ಕೂತು ಇಂಗ್ಲಿಷ್ ಅಕ್ಷರದಲ್ಲಿ ನೀಟಾಗಿ ಲಿಸ್ಟ್ ಬರ್ಕೊಟ್ಟಿದ್ರು, ಮಗು ಅದನ್ನ ಇಂಗ್ಲಿಷ್ ಥರಾನೇ ಓದಿದೆ. ಅದು ಅಗೆ ಉಕೆ, ಅಂದ್ರೆ ತಲೆ ಮೇಲೆ ಬರೋ ಏಟನ್ನ ಕೈ ಎತ್ತಿ ತಡೆಯೋದು. ಅವತ್ತೇ ಆ ಲಿಸ್ಟ್ ಪಕ್ಕದಲ್ಲಿ ಪೆನ್ಸಿಲ್ ತಗೊಂಡು ಎಲ್ಲಾನೂ ಕನ್ನಡದಲ್ಲಿ ಬರೆಸಿದೆ, ಮುಂದಿನ ವಾರಕ್ಕೆ ಬಾಯಿಗೆ ಬಂತು.

ಅದಕ್ಕೇ ಹೇಳೋದು, ಮಕ್ಕಳಿಗೆ ಕಲಿಸೋರು, ಹೊಸದಾಗಿ ಸೇರೋರು ಮೊದಲು ಪದಗಳನ್ನ ಕನ್ನಡದಲ್ಲಿ ಬರ್ಕೊಳ್ಳಿ. ಜಪಾನಿಯಲ್ಲಿ ಇರೋ ಸ್ವರ ಐದೇ, ಅ ಇ ಉ ಎ ಒ, ಅದರಲ್ಲೇ ಹ್ರಸ್ವ ದೀರ್ಘ ಇದೆ, ಚೂದನ್ ಅನ್ನೋದ್ರಲ್ಲಿ ಚೂ ದೀರ್ಘ, ಶೊದನ್ ಅನ್ನೋದ್ರಲ್ಲಿ ಶೊ ಹ್ರಸ್ವ. ಇಂಗ್ಲಿಷ್ ಅಕ್ಷರದಲ್ಲಿ ಈ ವ್ಯತ್ಯಾಸ ಕಾಣಲ್ಲ, ನಮ್ಮ ಲಿಪಿಯಲ್ಲಿ ಕಾಣುತ್ತೆ. ಒಂದೇ ಒಂದು ನೆನಪಿಟ್ಕೊಳ್ಳಿ, ಕೆಲವು ಕಡೆ ಇ, ಉ ನುಂಗಿಬಿಡ್ತಾರೆ, ನಾವು ಮಾಡುತ್ತೇನೆ ಅಂತ ಬರೆದು ಮಾಡ್ತೀನಿ ಅನ್ನಲ್ವಾ ಹಾಗೆ. ತ್ಸುಕಿ ಅನ್ನೋದು ಬಾಯಲ್ಲಿ ತ್ಸ್ಕಿ ಆಗುತ್ತೆ, ಇಚಿ ಅನ್ನೋದು ಇಚ್.

ಎಣಿಕೆ ಇದು: ಇಚಿ, ನಿ, ಸನ್, ಶಿ, ಗೊ, ರೊಕು, ಶಿಚಿ, ಹಚಿ, ಕು, ಜೂ. ನಾಲ್ಕಕ್ಕೆ ಯೊನ್ ಅಂತ, ಏಳಕ್ಕೆ ನನ ಅಂತಾನೂ ಕೇಳ್ತೀರ, ಶಿ ಅನ್ನೋ ಸದ್ದೇ ಸಾವು ಅನ್ನೋ ಪದಕ್ಕೂ ಇರೋದ್ರಿಂದ ಜಪಾನಿಗಳು ಎಷ್ಟೋ ಕಡೆ ಅದನ್ನ ತಪ್ಪಿಸ್ತಾರೆ. ಇದನ್ನ ಕೂತು ಬಾಯಿಪಾಠ ಮಾಡ್ಬೇಡಿ. ನಾನು ಕಲಿತಿದ್ದು ಚಾಮುಂಡಿ ಬೆಟ್ಟದ ಮೆಟ್ಲು ಹತ್ತುತ್ತಾ, ಮೆಟ್ಟಿಲಿಗೊಂದು ನಂಬರ್, ಹತ್ತಾದ್ಮೇಲೆ ಮತ್ತೆ ಇಚಿ, ನಂದಿ ಹತ್ರ ಬರೋಷ್ಟರಲ್ಲಿ ಉಸಿರಿಗೂ ಎಣಿಕೆಗೂ ಹೊಂದಾಣಿಕೆ ಬಂದಿರುತ್ತೆ.

ಈಗ ಮುಖ್ಯ ವಿಷಯ. ಐವತ್ತು ಪದ ಅಂತ ಹೆದರ್ಬೇಡಿ, ಅವು ಹತ್ತಿಪ್ಪತ್ತು ತುಂಡುಗಳಷ್ಟೇ, ಅವನ್ನೇ ತಿರುಗಿಸಿ ಮುರುಗಿಸಿ ಜೋಡಿಸಿರ್ತಾರೆ. ತಚಿ ಅಂದ್ರೆ ನಿಲ್ಲೋ ಭಂಗಿ, ತ್ಸುಕಿ ಗುದ್ದು, ಕೆರಿ ಒದೆ, ಉಕೆ ತಡೆ. ಆದ್ರೆ ಕ್ಲಾಸಲ್ಲಿ ಕೇಳ್ಸೋದು ಕಿಬ ದಚಿ (ಕುದುರೆ ಮೇಲೆ ಕೂತ ಹಾಗೆ ನಿಲ್ಲೋದು), ಒಇ ಜ಼ುಕಿ (ಮುಂದೆ ಹೆಜ್ಜೆ ಇಟ್ಟು ಗುದ್ದೋದು), ಮಎ ಗೆರಿ (ಮುಂದಕ್ಕೆ ಒದೆಯೋದು). ತಚಿ ಯಾಕೆ ದಚಿ ಆಯ್ತು, ಕೆರಿ ಯಾಕೆ ಗೆರಿ ಆಯ್ತು ಅಂತ ಎಲ್ರೂ ಕೇಳ್ತಾರೆ, ಉತ್ತರ ನಮ್ಮ ಹೈಸ್ಕೂಲ್ ವ್ಯಾಕರಣದಲ್ಲೇ ಇದೆ, ಆದೇಶ ಸಂಧಿ! ಮಳೆ, ಕಾಲ ಸೇರಿ ಮಳೆಗಾಲ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗಲ್ವಾ, ಅದೇ ಥರ ಮಎ, ಕೆರಿ ಸೇರಿ ಮಎ ಗೆರಿ, ಕಿಬ, ತಚಿ ಸೇರಿ ಕಿಬ ದಚಿ. ಇನ್ನೂ ಚೆನ್ನಾಗಿರೋದು ಗೆದನ್ ಬರಇ. ಹರಇ ಅಂದ್ರೆ ಗುಡಿಸೋದು, ಗೆದನ್ ಅಂದ್ರೆ ಸೊಂಟದ ಕೆಳಗೆ, ಸೇರಿದಾಗ ಹ ಹೋಗಿ ಬ ಬಂತು. ನಮ್ಮಲ್ಲಿ ಒಂಟಿಯಾಗಿದ್ರೆ ಹನಿ, ಕಣ್ಣಿನ ಜೊತೆ ಸೇರಿದ್ರೆ ಕಂಬನಿ. ಹಳಗನ್ನಡದಲ್ಲಿ ಪನಿ ಇದ್ದಿದ್ದು ಹನಿ ಆಯ್ತು, ಜಪಾನಿಯಲ್ಲೂ ಹಿಂದೆ ಪ ಇದ್ದಿದ್ದೇ ಹ ಆಗಿರೋದು. ಇದು ಹೊಳೆದ ದಿನ ನಂಗೆ ನಿಜವಾಗ್ಲೂ ತುಂಬಾ ಖುಷಿ ಆಯ್ತು.

ಇನ್ನು ಸೆನ್ಸೇ, ಅಂದ್ರೆ ಗುರುಗಳು, ಉದ್ದಕ್ಕೆ ಹೇಳಿದ್ರೆ ಗಾಬರಿ ಬೇಡ, ಕೊನೇ ಪದ ಹಿಡ್ಕೊಳ್ಳಿ. "ಮಿಗಿ ಜೋದನ್ ಮವಶಿ ಗೆರಿ" ಅಂದ್ರೆ ಕೊನೇಲಿ ಗೆರಿ ಇದೆ, ಅಂದ್ರೆ ಕಾಲಿನ ಕೆಲಸ. ಅಲ್ಲಿಂದ ಹಿಂದಕ್ಕೆ ಬಿಡಿಸಿ, ಮವಶಿ ಸುತ್ತಿ ಒದೆಯೋದು, ಜೋದನ್ ಮುಖದ ಎತ್ತರ, ಮಿಗಿ ಬಲ. ಎಡಕ್ಕೆ ಹಿದರಿ, ಹೊಟ್ಟೆ ಎದೆ ಮಟ್ಟಕ್ಕೆ ಚೂದನ್. ಮಎ ಮುಂದೆ, ಯೊಕೊ ಪಕ್ಕ, ಉಶಿರೊ ಹಿಂದೆ.

ಕ್ಲಾಸಿನ ಶುರು, ಕೊನೇಲಿ ಸಾಲಾಗಿ ಮಂಡಿಯೂರಿ ಕೂರೋದು ಸೇಜ಼, ಕಣ್ಮುಚ್ಚಿ ಸುಮ್ನಿರೋದು ಮೊಕುಸೋ. ಆಮೇಲೆ ಶೋಮೆನ್ (ಕ್ಲಾಸಿನ ಮುಂಭಾಗ) ನಿ ರೇ, ಸೆನ್ಸೇ ನಿ ರೇ, ಒತಗಇ ನಿ ರೇ. ಈ ನಿ ನಮ್ಮ ಗೆ, ಕ್ಕೆ ಇದ್ದ ಹಾಗೆ, ಸೆನ್ಸೇ ನಿ ರೇ ಅಂದ್ರೆ ಗುರುಗಳಿಗೆ ನಮಸ್ಕಾರ, ಒತಗಇ ಅಂದ್ರೆ ಒಬ್ಬರಿಗೊಬ್ಬರು. ಯೋಇ ರೆಡಿ, ಹಜಿಮೆ ಶುರು, ಮವತ್ತೆ ತಿರುಗು.

ಯಮೆ ಮಾತ್ರ ಮೊದಲ ದಿನವೇ ಕಲಿಸ್ಬೇಕು, ಅಂದ್ರೆ ನಿಲ್ಲಿಸು. ಕುಮಿತೆ ಅಂದ್ರೆ ಜೋಡಿಯಾಗಿ ಫೈಟ್ ಮಾಡುವಾಗ ಯಮೆ ಅಂದ ಮೇಲೂ ಒಂದು ಏಟು ಬಿಟ್ರೆ, ಎದುರಿನ ಮಗು ಅಷ್ಟರಲ್ಲಿ ಕೈ ಇಳಿಸಿರುತ್ತೆ, ತುಟಿ ಒಡೆಯೋದು ಆವಾಗ್ಲೇ.

ಹೇಅನ್ ಶೊದನ್ ಬಗ್ಗೆ ಪೇರೆಂಟ್ಸ್ ಕನ್ಫ್ಯೂಸ್ ಆಗ್ತಾರೆ. ಬ್ಲ್ಯಾಕ್ ಬೆಲ್ಟಿನ ಮೊದಲ ಹಂತಕ್ಕೂ ಶೊದನ್ ಅಂತಾನೇ ಹೆಸ್ರು, ಆದ್ರೆ ಹೇಅನ್ ಶೊದನ್ ಅಂದ್ರೆ ಆರಂಭದ ಒಂದು ಕತ, ಅಂದ್ರೆ ಒಬ್ಬರೇ ಕ್ರಮವಾಗಿ ಮಾಡೋ ಚಲನೆಗಳ ಸರಣಿ, ಅಷ್ಟೇ. ಓಕಿನಾವದ ಕರಾಟೆ ಗುರು ಇತೊಸು ಅಂಕೋ ಪಿನ್‌ಅನ್ ಅಂತ ಐದು ಕತ ಮಾಡಿದ್ರು, ಅವರ ಶಿಷ್ಯ ಫುನಕೊಶಿ ಗಿಚಿನ್ ಅವಕ್ಕೆ ಹೇಅನ್ ಅಂತ ಹೆಸ್ರಿಟ್ರು. ಬ್ಲ್ಯಾಕ್ ಬೆಲ್ಟಿಗೆ ಮುಂಚಿನ ಹಂತಗಳು ಕ್ಯೂ, ಅವು ಮೇಲಿಂದ ಕೆಳಕ್ಕೆ ಎಣಿಸ್ಕೊಂಡು ಒಂದನೇ ಕ್ಯೂಗೆ ಬರುತ್ತೆ, ದನ್ ಒಂದರಿಂದ ಮೇಲಕ್ಕೆ ಹೋಗುತ್ತೆ.

ಕೊನೇದಾಗಿ ಸೊತೊ ಉಕೆ, ಉಚಿ ಉಕೆ. ಸೊತೊ ಹೊರಗೆ, ಉಚಿ ಒಳಗೆ. ಶೋತೋಕನ್ ಅನ್ನೋ ಕರಾಟೆ ಸ್ಟೈಲಲ್ಲಿ ಕೈ ಹೊರಗಿಂದ ಒಳಗೆ ಬಂದ್ರೆ ಸೊತೊ ಉಕೆ, ಕೆಲವು ಸ್ಟೈಲಲ್ಲಿ ಹೆಸರು ಪೂರ್ತಿ ಉಲ್ಟಾ. ನಾನು ಮಂಡ್ಯದಲ್ಲಿ ಬೇರೆ ಸ್ಟೈಲ್ ಕಲಿತು ಮೈಸೂರಿಗೆ ಬಂದು ಶೋತೋಕನ್ ಸೇರಿದಾಗ ಮೊದಲ ಗ್ರೇಡಿಂಗಲ್ಲೇ (ಬೆಲ್ಟ್ ಪರೀಕ್ಷೆ) ಇಡೀ ಸಾಲು ಒಂದು ಕಡೆ, ನನ್ನ ಕೈ ಇನ್ನೊಂದು ಕಡೆ, ಅವತ್ತು ಮನೆಗೆ ಹೋಗಿ ಅತ್ತಿದ್ದೆ. ಹಾಗಾಗಿ ಈ ಎರಡು ಪದದ ಮುಂದೆ ಅರ್ಥ ಬರೀಬೇಡಿ, ನಿಮ್ಮ ಸೆನ್ಸೇ ಮಾಡಿ ತೋರ್ಸಿದ್ದನ್ನ ನೋಡ್ಕೊಂಡು ಬಾಣದ ಗುರುತು ಹಾಕ್ಕೊಳ್ಳಿ, ಅದೂ ಪೆನ್ಸಿಲ್‌ನಲ್ಲಿ.