ಹಿಮದ ರನ್‌ವೇ, ಫುಲ್ ಸ್ಟಾಪ್ ಪಾಠ: ನನ್ನ ಅನುಭವ

ಹಿಮ ಬಿದ್ದ ಮೇಲೆ ಟಚ್ ಅಂಡ್ ಗೋ (ರನ್‌ವೇಗೆ ಚಕ್ರ ತಾಗಿಸಿ, ನಿಲ್ಲದೆ ಮತ್ತೆ ಮೇಲೇರುವುದು) ಬೇಡ, ಪ್ರತಿ ಸಲವೂ ಪೂರ್ತಿ ನಿಲ್ಲಿಸಿಯೇ ಕಲಿಸೋಣ ಎಂದಾಗ ಇಲ್ಲಿ ಅಮೆರಿಕದ ಮಿನೆಸೋಟದಲ್ಲಿ ನನ್ನಂತೆ ವಿಮಾನ ಹಾರಿಸಲು ಕಲಿಸುವ ಇನ್‌ಸ್ಟ್ರಕ್ಟರ್‌ಗಳು ನಕ್ಕಿದ್ದರು. ದುಡ್ಡಿನ ಲೆಕ್ಕದಲ್ಲಿ ಅವರದೇ ಸರಿ. ಸಣ್ಣ ತರಬೇತಿ ವಿಮಾನ ಸೆಸ್ನಾ 172ಕ್ಕೆ ಗಂಟೆಗೆ ಸುಮಾರು 180 ಡಾಲರ್. ಅವರದು ಏಳೆಂಟು ಲ್ಯಾಂಡಿಂಗ್ ಆಗುವ ಹೊತ್ತಿಗೆ ನನ್ನವು ನಾಲ್ಕೈದು. ಆದರೆ ಮೂರು ಚಳಿಗಾಲದಲ್ಲಿ ನನ್ನ ವಿದ್ಯಾರ್ಥಿಗಳು ಯಾರೂ ಪಕ್ಕದ ಹಿಮದ ದಿಬ್ಬಕ್ಕೆ ನುಗ್ಗಿಲ್ಲ, ನಕ್ಕವರಲ್ಲಿ ಇಬ್ಬರು ಈಗ ಹೀಗೇ ಕಲಿಸುತ್ತಿದ್ದಾರೆ.

ಟಚ್ ಅಂಡ್ ಗೋದಲ್ಲಿ ಕೈಕೊಡುವುದು ಒದ್ದೆ ಹಿಮ. ಚಕ್ರಗಳನ್ನು ಹಿಡಿದೆಳೆಯುತ್ತದೆ, ವೇಗ ಏರುವುದಿಲ್ಲ, ನೋಡನೋಡುತ್ತ ರನ್‌ವೇ ಮುಗಿಯುತ್ತದೆ.

ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ, ಪೂರ್ತಿ ಫ್ಲಾಪ್ (ನಿಧಾನವಾಗಿ ಇಳಿಯಲು ಬಾಗಿಸುವ ರೆಕ್ಕೆಯ ಹಿಂಬದಿಯ ಪಟ್ಟಿ), ವೇಗ 61-62 ನಾಟ್. ಐದು ನಾಟ್ ಹೆಚ್ಚಾದರೂ ತೇಲುತ್ತದೆ. ಆಗ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು), ಚರ್ಚೆಯಿಲ್ಲ. ಹಿಂದಿನ ಚಕ್ರಗಳು ತಾಗಿದ ಮೇಲೆ ಯೋಕ್ (ವಿಮಾನದ ಹಿಡಿಕೆ) ಹೊಟ್ಟೆಗೆ ಒತ್ತುವಷ್ಟು ಹಿಂದಕ್ಕೆ. ಮೂಗಿನ ಚಕ್ರ ತಡವಾಗಿ ಇಳಿದಷ್ಟೂ ಪ್ರೊಪೆಲ್ಲರ್‌ಗೆ ಒಳ್ಳೆಯದು. 20 ನಾಟ್‌ವರೆಗೆ ಬ್ರೇಕ್ ಮುಟ್ಟುವಂತಿಲ್ಲ. 30ರಲ್ಲೇ ಒತ್ತಿ ನೋಡಿದ್ದೇನೆ: ಒಂದು ಚಕ್ರ ಬೋಳು ಡಾಂಬರಿನ ಮೇಲೆ, ಇನ್ನೊಂದು ಹಿಮದ ಮೇಲಿದ್ದರೆ ಮೂಗು ತಿರುಗಿಬಿಡುತ್ತದೆ. ಅಸಲಿ ಕಷ್ಟ ವೇಗ ಇಳಿದ ಮೇಲೆಯೇ. ಬಾಲದ ರಡ್ಡರ್‌ಗೆ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪಟ್ಟಿ) ಹಿಡಿತವಿಲ್ಲ, ಚಕ್ರಕ್ಕೂ ಇಲ್ಲ, ಅಡ್ಡಗಾಳಿ ಬಾಲವನ್ನು ತಳ್ಳುತ್ತದೆ. ವಿಮಾನದ ಪುಸ್ತಕದಲ್ಲಿ 15 ನಾಟ್ ಅಡ್ಡಗಾಳಿ ಇದ್ದರೂ ಹಿಮದ ಮೇಲೆ ನನ್ನ ಮಿತಿ ಏಳೆಂಟು.

ರನ್‌ವೇಯ ಹಿಡಿತ ಹೇಳುವ ಅಂಕಕ್ಕೆ ರನ್‌ವೇ ಕೋಡ್ ಎನ್ನುತ್ತಾರೆ, ಕಡಿಮೆಯಾದಷ್ಟೂ ಜಾರು. ಅದು 3 ಇದ್ದರೆ ಸೋಲೋ (ವಿದ್ಯಾರ್ಥಿ ಒಬ್ಬನೇ ಹಾರುವುದು) ಇಲ್ಲ, 2 ಆದರೆ ಹ್ಯಾಂಗರ್ ಬಾಗಿಲೇ ತೆಗೆಯುವುದಿಲ್ಲ. ರನ್‌ವೇಯ ಮೂರು ಭಾಗಗಳಿಗೆ ಬೇರೆಬೇರೆ ಕೊಡುವ ಕೋಡ್‌ನಲ್ಲಿ ನಾವು ನಿಲ್ಲುವ ಭಾಗದ್ದನ್ನೇ ಮೊದಲು ಓದಿ. ಗಟ್ಟಿಯಾಗಿ ತುಳಿದ ಹಿಮ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿದ್ದರೆ ಕೋಡ್ 4, ಅದಕ್ಕಿಂತ ಬೆಚ್ಚಗಾದರೆ 3. ಸೊನ್ನೆಯ ಆಸುಪಾಸಿನಲ್ಲಿ ಬಿಸಿಲು ಬಂದರೆ ಬೆಳಗಿನ ವರದಿ ಮಧ್ಯಾಹ್ನಕ್ಕೆ ಉಪಯೋಗಕ್ಕೆ ಬಾರದು.

ಮೋಡ ಕವಿದು ನೆಲ, ಆಕಾಶ ಎರಡೂ ಒಂದೇ ಬಿಳುಪಾದಾಗ ಫ್ಲೇರ್ (ನೆಲ ತಾಗುವ ಮುಂಚೆ ಮೂಗೆತ್ತುವುದು) ಮಾಡುವ ಎತ್ತರ ತಿಳಿಯುವುದಿಲ್ಲ. ಆಗ ಕಣ್ಣನ್ನು ಎಲ್ಲಿ ನಿಲ್ಲಿಸಬೇಕೆಂಬ ನನ್ನ ಉಪಾಯವನ್ನು ಪಕ್ಕದ ಸೀಟಿನಲ್ಲಿ ಕೂತೇ ಹೇಳಿಕೊಡುತ್ತೇನೆ, ಬರೆಯುವುದಿಲ್ಲ.

ದುಬಾರಿಯಾದದ್ದು ವೀಲ್ ಪ್ಯಾಂಟ್, ಅಂದರೆ ಚಕ್ರದ ಮೇಲಿನ ಹೊದಿಕೆ. ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದು ನೋಡಿದೆ, ದಂಡ. ಟ್ಯಾಕ್ಸಿಯಲ್ಲಿ ತುಂಬಿದ ಕೆಸರುಹಿಮ ಮೇಲೆ ಹೋದಾಗ ಹೆಪ್ಪುಗಟ್ಟಿತು, ಇಳಿಯುವಾಗ ಚಕ್ರ ತಿರುಗಲಿಲ್ಲ. ಟೈರು, ಟ್ಯೂಬು, ಕೂಲಿ ಸೇರಿ 400 ಡಾಲರ್ ಚಿಲ್ಲರೆ. ಈಗ ಮೊದಲ ಹಿಮಕ್ಕೆ ಮುಂಚೆಯೇ ಮೂರನ್ನೂ ಬಿಚ್ಚಿಸುತ್ತೇನೆ. ಹೋಗುವುದು ಒಂದೆರಡು ನಾಟ್ ವೇಗ. ಬಿಚ್ಚಿದ್ದನ್ನು ವಿಮಾನದ ತೂಕದ ಪತ್ರದಲ್ಲಿ ಬರೆಸುವುದನ್ನು ಮಾತ್ರ ಮರೆಯಬೇಡಿ.