ಅರ್ಧ ಗುಂಗುರು ಅರ್ಧ ಸ್ಟ್ರೈಟ್: ಕೂದಲು ತುಂಡಾಗೋದು ಹೇಗೆ ನಿಲ್ತು

ಸ್ಮೂದನಿಂಗ್ (ಪಾರ್ಲರ್‌ನಲ್ಲಿ ಕೆಮಿಕಲ್ ಹಾಕಿ ಕೂದಲು ನೇರ ಮಾಡ್ಸೋದು) ಬಿಟ್ಮೇಲೆ ಬುಡದಲ್ಲಿ ನನ್ನ ಗುಂಗುರು ವಾಪಸ್ ಬರ್ತಾ ಇತ್ತು, ಕೆಳಗೆ ಮಾತ್ರ ಕಡ್ಡಿ ತರ ನೇರ, ಬಾಚಿದ್ರೆ ಸಾಕು ನೆಲದ ತುಂಬಾ ಕೂದಲು. ಎಲ್ರೂ ಉದುರ್ತಿದೆ ಅಂದ್ರು, ಆದ್ರೆ ಬಿದ್ದಿರೋದನ್ನ ಬೆಳಕಿಗೆ ಹಿಡಿದು ನೋಡಿದ್ರೆ ಬುಡದ ಆ ಬಿಳಿ ಚುಕ್ಕಿ ಇಲ್ವೇ ಇಲ್ಲ, ಅಂದ್ರೆ ಬೇರಿಂದ ಬಂದಿದ್ದಲ್ಲ, ಮಧ್ಯದಲ್ಲೇ ತುಂಡಾಗ್ತಿರೋದು. ಹಳೇದು ಹೊಸದು ಸೇರೋ ಜಾಗಾನೇ ವೀಕು. ಕೆಮಿಕಲ್ಲು ಕೂದಲ ಒಳಗಿನ ಸಲ್ಫರ್ ಬಾಂಡ್ (ಕೂದಲಿನ ಆಕಾರ ಹಿಡಿದಿಡೋ ಕೊಂಡಿ) ಒಡೆದೇ ನೇರ ಮಾಡೋದು, ಅದನ್ನ ಯಾವ ಎಣ್ಣೆನೂ ಮೊದ್ಲಿನ ತರ ಮಾಡಲ್ಲ. ಪಾರ್ಲರ್‌ನವ್ರು ಬುಡದ ಹೊಸ ಕೂದಲಿಗೂ ಟಚಪ್ ಮಾಡ್ಸಿ ಅಂತ ಹಿಂದೆ ಬಿದ್ರು, ಬೇಡ ಅಂದೆ.

ಒಣ ಕೂದಲು ಬಾಚೋದು ಪೂರ್ತಿ ಬಿಟ್ಟೆ. ತಲೆ ಸ್ನಾನದಲ್ಲಿ ಕಂಡೀಷನರ್ ಧಾರಾಳವಾಗಿ ಹಚ್ಚಿ, ಅದು ಇರೋವಾಗ್ಲೇ ಅಗಲ ಹಲ್ಲಿನ ಬಾಚಣಿಗೇಲಿ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರೋದು, ಆ ಸೇರೋ ಜಾಗಾನ ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೊಂಡು, ಎಳೆತ ಅಲ್ಲಿಗೆ ತಾಗ್ಬಾರ್ದು. ಸೀಗೆಕಾಯಿ ಉಜ್ಜೋದು ನಿಲ್ಲಿಸ್ದೆ (ಅಮ್ಮಂಗೆ ಇನ್ನೂ ಕೋಪ). ಟವೆಲ್ ಬದ್ಲು ಹಳೇ ಕಾಟನ್ ಟೀ ಶರ್ಟು. ಕೂದಲು ಬೆಳೆಯೋದೇ ತಿಂಗಳಿಗೆ ಸುಮಾರು 1 ಸೆಂ.ಮೀ., ಎಲ್ಲಾ ಒಂದೇ ಸಲ ಕತ್ತರಿಸೋ ಧೈರ್ಯ ಇಲ್ಲ, ಅದಕ್ಕೆ ಆಗಾಗ ಟ್ರಿಮ್ ಮಾಡಿಸ್ತಾ ಬಂದೆ. ಈಗ ತುಂಡಾಗೋದು ತುಂಬಾ ಕಮ್ಮಿ, ತುದೀಲಿ ಎರಡು ಬೆರಳಷ್ಟು ನೇರ ಉಳ್ದಿದೆ, ಅದೂ ಮುಂದಿನ ಸಲ ಹೋಗುತ್ತೆ.